ವಿಶ್ವೇಶ್ವರಯ್ಯನವರು ಮತ್ತು ನಾವು ನೋಡದ ಚರಂಡಿ

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಜಿಲ್ಲೆಯ ಶಾಲೆ ಕಾಲೇಜುಗಳಲ್ಲಿ ಎಂಜಿನಿಯರುಗಳ ದಿನಾಚರಣೆ. ಮೇಜಿನ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರ, ಅದಕ್ಕೊಂದು ಹಾರ, ಆಮೇಲೆ ಭಾಷಣ. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಬ್ಬಿಣದ ಕಾರ್ಖಾನೆ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಹತ್ತನೇ ತರಗತಿಯಲ್ಲಿದ್ದಾಗ ನಾನೂ ಹಾಗೆಯೇ ಮಾತನಾಡಿ ಬಹುಮಾನ ತೆಗೆದುಕೊಂಡಿದ್ದೇನೆ. ಆ ಭಾಷಣದ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಅಣೆಕಟ್ಟು ಎಂಬ ಮಾತು ಏಳು ಸಲ ಬರುತ್ತದೆ. ಚರಂಡಿ ಎಂಬ ಮಾತು ಒಂದು ಸಲವೂ ಇಲ್ಲ.

ಈ ವರ್ಷ ಅದೇ ಮಹನೀಯರ ಬಗ್ಗೆ ಬೇರೆ ರೀತಿಯಲ್ಲಿ ಬರೆಯಬೇಕೆನಿಸಿತು. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇತ್ತು.

ನಮ್ಮ ಮನೆ ಶಿಡ್ಲಘಟ್ಟದಲ್ಲಿ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಮ್ಮನಿಗೆ ಜ್ವರ ಬಂತು. ಒಂದು ವಾರ ಕಳೆದರೂ ಇಳಿಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಟೈಫಾಯ್ಡ್ ಎಂದು ತಿಳಿಯಿತು. ವೈದ್ಯರು ಔಷಧಿ ಬರೆಯುವ ಮುಂಚೆ ಎರಡು ಪ್ರಶ್ನೆ ಕೇಳಿದರು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಶೌಚಾಲಯದ ಗುಂಡಿ ಎಲ್ಲಿದೆ ಎಂದು. ನಮ್ಮ ಅಬ್ಬಾ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟರು. ಎರಡನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಾದರು. ಮನೆಗೆ ಬಂದು ನಾನು ಟೇಪು ಹಿಡಿದು ಅಳೆದೆ. ನಮ್ಮ ಬೋರ್‌ವೆಲ್‌ಗೂ ಶೌಚದ ಗುಂಡಿಗೂ ನಡುವೆ ಇದ್ದದ್ದು ಐದೂವರೆ ಮೀಟರ್. ತಮ್ಮನ ಜ್ವರ ಅಲ್ಲಿಂದಲೇ ಬಂತೆಂದು ಹೇಳಲು ನನ್ನ ಬಳಿ ಸಾಕ್ಷಿ ಇಲ್ಲ. ಅವನು ಹೊರಗೆ ತಿಂದ ತಿಂಡಿಯಿಂದಲೂ ಬಂದಿರಬಹುದು. ಆದರೆ ಹದಿನೇಳು ವರ್ಷ ಆ ಮನೆಯಲ್ಲಿದ್ದು ನಾನು ಒಮ್ಮೆಯೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ ಎಂಬುದು ಮನಸ್ಸಿನಲ್ಲಿ ಉಳಿಯಿತು.

ಕಾಲೇಜು ಶುರುವಾದ ಮೇಲೆ ಗ್ರಂಥಾಲಯದಲ್ಲಿ ಈ ವಿಷಯ ಹುಡುಕುತ್ತಾ ಹೋದೆ. ನೂರಿಪ್ಪತ್ತು ವರ್ಷಗಳ ಹಿಂದೆಯೇ ಇದೇ ಎರಡು ಪ್ರಶ್ನೆಗಳನ್ನು ಊರೂರಿಗೂ ಹೋಗಿ ಕೇಳಿದವರೊಬ್ಬರು ಸಿಕ್ಕರು. ಅವರು ಬೇರೆ ಯಾರೂ ಅಲ್ಲ, ನಾವು ಹಾರ ಹಾಕುವ ಭಾವಚಿತ್ರದವರೇ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಸಂಸ್ಕೃತ ಬಲ್ಲವರು, ಆಯುರ್ವೇದವೂ ಗೊತ್ತಿತ್ತು. ಮನೆಯಲ್ಲಿ ಹಣ ಇರಲಿಲ್ಲ. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದುತ್ತಿದ್ದ ಹುಡುಗ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನ ಸೋದರಮಾವನ ಆಸರೆಗೆ ಹೋದ. ಅಲ್ಲಿ ಮನೆಪಾಠ ಹೇಳಿ ಖರ್ಚು ನಡೆಸಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಸಾಧ್ಯವಾಯಿತು. 1883ರ ಕೊನೆಯ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಇಲ್ಲಿ ಆ ಕಾಲದ ವಿಜ್ಞಾನವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಬಹಳ ಜನ ನಂಬಿದ್ದರು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಲೆಕ್ಕ ಹಾಕಿ, ಅವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಒಂದೇ ಪಂಪಿನ ನೀರು ಕುಡಿದವರೆಂದು ತೋರಿಸಿದರು. ಆ ಬಾವಿಯ ಪಕ್ಕದಲ್ಲೇ ಸೋರುವ ಮಲದ ಗುಂಡಿ ಇತ್ತು. 1858ರಲ್ಲಿ ಥೇಮ್ಸ್ ನದಿಯ ದುರ್ವಾಸನೆ ತಡೆಯಲಾರದೆ ಬ್ರಿಟಿಷ್ ಸಂಸತ್ತು ಹಣ ಕೊಟ್ಟಿತು. ಜೋಸೆಫ್ ಬಜಲ್‌ಗೆಟ್ ಎಂಬ ಎಂಜಿನಿಯರ್ ಲಂಡನ್ನಿನ ಕೆಳಗೆ ದೊಡ್ಡ ಕೊಳಚೆ ಕಾಲುವೆಗಳನ್ನು ಕಟ್ಟಿದರು. ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಗೆ ಬಂದು, ಅಲ್ಲಿನ ರೋಗಿಗಳಲ್ಲಿಯೂ ಕೆರೆಯ ನೀರಿನಲ್ಲಿಯೂ ಕಾಲರಾದ ರೋಗಾಣುವನ್ನು ಕಂಡದ್ದು 1884ರಲ್ಲಿ. ನಮ್ಮ ಮುದ್ದೇನಹಳ್ಳಿಯ ತರುಣ ಕೆಲಸಕ್ಕೆ ಸೇರಿದ್ದೂ ಅದೇ ವರ್ಷ. ರೋಗ ನೀರಿನಲ್ಲಿದೆ, ನೀರು ಕೆಡುವುದು ಮಲದಿಂದ ಎಂಬುದು ಆಗ ತಾನೇ ಗಟ್ಟಿಯಾಗುತ್ತಿದ್ದ ತಿಳಿವಳಿಕೆ.

ಕೆಲವು ವರ್ಷಗಳ ನಂತರ, 1893ರಲ್ಲಿ, ಅವರನ್ನು ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕಳಿಸಲಾಯಿತು. ಅದು ಈಗ ಪಾಕಿಸ್ತಾನದಲ್ಲಿದೆ. ಸಿಂಧೂ ನದಿ ಪಕ್ಕದಲ್ಲೇ ಹರಿದರೂ ಅದರ ನೀರು ಕೆಸರುಕೆಸರು. ಶೋಧಿಸುವ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಪುರಸಭೆಯ ಬಳಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ನದಿಯ ಮರಳನ್ನೇ ಜರಡಿಯಾಗಿ ಬಳಸಿದರು. ಮರಳಿನ ಮೂಲಕ ಇಳಿದು ಬಂದ ತಿಳಿನೀರನ್ನು ಪಂಪಿನಿಂದ ಎತ್ತಿ ಊರಿಗೆ ಕೊಟ್ಟರು. 1895ರ ಹೊತ್ತಿಗೆ ಕೆಲಸ ಮುಗಿಯಿತು. ದುಬಾರಿ ಯಂತ್ರ ಇಲ್ಲದಿದ್ದರೆ ಸ್ಥಳದಲ್ಲಿ ಏನಿದೆಯೋ ಅದನ್ನೇ ಬಳಸುವ ಅವರ ಬುದ್ಧಿ ಅಲ್ಲಿ ಕಾಣುತ್ತದೆ.

1896ರಲ್ಲಿ ಬೊಂಬಾಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಅದು ಇಲಿ ಮತ್ತು ಚಿಗಟಗಳಿಂದ ಹರಡುವ ರೋಗ, ಕೊಳಚೆ ನೀರಿನಿಂದಲ್ಲ. ಆದರೂ ಊರಿನ ಕೊಳಕಿನ ಕಡೆಗೆ ಸರ್ಕಾರದ ಕಣ್ಣು ತಿರುಗಿದ್ದು ಆಗಲೇ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ವಿಶ್ವೇಶ್ವರಯ್ಯನವರು ಬೊಂಬಾಯಿ ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಆದರು. ನೈರ್ಮಲ್ಯದ ಎಂಜಿನಿಯರ್ ಎಂದರೆ ಊರುಗಳಿಗೆ ಶುದ್ಧ ನೀರು ತರುವುದು ಮತ್ತು ಊರಿನ ಮಲ, ಮೂತ್ರ, ಬಚ್ಚಲ ನೀರನ್ನು ಹೊರಗೆ ಕಳಿಸುವುದು ಇವೆರಡೂ ಒಬ್ಬರ ಹೊಣೆ. ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳನ್ನು ಪುಣೆಯ ಬಳಿಯ ಖಡಕವಾಸ್ಲಾದಲ್ಲಿ ಅಳವಡಿಸಿ ಹೆಸರು ಮಾಡಿದವರು, ಅದೇ ಕಾಲದಲ್ಲಿ ಚರಂಡಿಯ ಇಳಿಜಾರನ್ನೂ ಲೆಕ್ಕ ಹಾಕುತ್ತಿದ್ದರು.

ಚರಂಡಿಯ ಇಳಿಜಾರಿನಲ್ಲಿ ಲೆಕ್ಕ ಹಾಕುವಂಥದ್ದು ಏನಿದೆ ಎಂದು ನಾನೂ ಅಂದುಕೊಂಡಿದ್ದೆ. ಓದಿದಾಗ ಅದು ನಮ್ಮ ಭೌತಶಾಸ್ತ್ರದ ಪಾಠವೇ ಎಂದು ಗೊತ್ತಾಯಿತು. ಒಳಚರಂಡಿಯ ಕೊಳವೆಯಲ್ಲಿ ನೀರು ತೀರಾ ನಿಧಾನವಾಗಿ ಹರಿದರೆ ಮಲ ತಳದಲ್ಲಿ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ತೀರಾ ವೇಗವಾಗಿ ಹರಿದರೆ ಮರಳು ಉಜ್ಜಿ ಕೊಳವೆ ಸವೆಯುತ್ತದೆ. ಸೆಕೆಂಡಿಗೆ ಸುಮಾರು 0.6 ಮೀಟರಿಗಿಂತ ವೇಗ ಕಡಿಮೆಯಾಗದಂತೆ ಇಳಿಜಾರು ಕೊಡಬೇಕು. ಹಳೆಯ ಎಂಜಿನಿಯರುಗಳು ದೊಡ್ಡ ಚರಂಡಿಗಳನ್ನು ಮೊಟ್ಟೆಯ ಆಕಾರದಲ್ಲಿ, ಚೂಪು ತುದಿ ಕೆಳಗೆ ಬರುವಂತೆ ಕಟ್ಟುತ್ತಿದ್ದರು. ರಾತ್ರಿ ನೀರು ಕಡಿಮೆಯಾದರೂ ಕಿರಿದಾದ ತಳದಲ್ಲಿ ಅದು ವೇಗವಾಗಿ ಹರಿದು ತಾನೇ ತಾನಾಗಿ ತೊಳೆದುಕೊಂಡು ಹೋಗುತ್ತದೆ. ಒಂದು ಊರಿನ ಆರೋಗ್ಯ ಆ ಚಿಕ್ಕ ಇಳಿಜಾರಿನ ಮೇಲೆ ನಿಂತಿರುತ್ತದೆ.

1906ರಲ್ಲಿ ಅವರನ್ನು ಸಮುದ್ರದಾಚೆಯ ಅದನ್‌ಗೆ ಕಳಿಸಿದರು. ಇಂದಿನ ಯೆಮನ್ ದೇಶದ ಈ ಬಂದರು ಆಗ ಬೊಂಬಾಯಿ ಸರ್ಕಾರದ ಆಡಳಿತದಲ್ಲಿತ್ತು. ಹಜ್ ಯಾತ್ರೆಗೆ ಹಡಗಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ದಾಟುತ್ತಿದ್ದ ದಾರಿ ಅದು. ಸುತ್ತ ಉಪ್ಪು ನೀರು, ಮೇಲೆ ಬಿಸಿಲು, ಮಳೆ ಇಲ್ಲವೆನ್ನುವಷ್ಟು ಕಡಿಮೆ. ಕುಡಿಯುವ ನೀರಿಗೂ ಚರಂಡಿಗೂ ಯೋಜನೆ ಬೇಕಿತ್ತು. ವಿಶ್ವೇಶ್ವರಯ್ಯನವರು ಊರೊಳಗೆ ನೀರು ಹುಡುಕುತ್ತಾ ಕೂರದೆ ಉತ್ತರದ ಲಹೆಜ್ ಪ್ರದೇಶದತ್ತ ನೋಡಿದರು. ಬೆಟ್ಟಗಳಲ್ಲಿ ಬಿದ್ದ ಮಳೆ ಅಲ್ಲಿನ ಮರಳಿನ ಕೆಳಗೆ ಇಳಿದು ನಿಲ್ಲುತ್ತಿತ್ತು. ಅಲ್ಲಿ ಬಾವಿ ತೋಡಿ ಕೊಳವೆಯಲ್ಲಿ ನೀರು ತರಬಹುದೆಂದು ವರದಿ ಕೊಟ್ಟರು. ಆ ವರ್ಷ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು.

1908ರಲ್ಲಿ ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಅವರು ಯುರೋಪಿನಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಿದ್ದರು. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಆಡಳಿತ. 1909ರಲ್ಲಿ ವಿಶ್ವೇಶ್ವರಯ್ಯನವರು ಅಲ್ಲಿಗೆ ಹೋಗಿ ಪ್ರವಾಹ ತಡೆಯಲು ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಬೇಕೆಂದು ಹೇಳಿದರು. ಮುಂದೆ ಮೂಸಿಗೆ ಉಸ್ಮಾನ್ ಸಾಗರ್, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ್ ಬಂದವು. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಗೊತ್ತಿಲ್ಲದ ಭಾಗವೆಂದರೆ ಅದೇ ಕೆಲಸದಲ್ಲಿ ಹೈದರಾಬಾದಿನ ಒಳಚರಂಡಿ ಯೋಜನೆಯನ್ನೂ ಅವರು ಸಿದ್ಧಪಡಿಸಿದರು ಎಂಬುದು. ಮನೆಗಳ ಕೊಳಚೆ ಬೀದಿಯ ತೆರೆದ ಕಾಲುವೆಗಳಲ್ಲಿ ಹರಿದು ನದಿ ಸೇರುವ ಬದಲು, ಮುಚ್ಚಿದ ಕೊಳವೆಗಳಲ್ಲಿ ಊರಾಚೆಗೆ ಹೋಗಬೇಕು ಎಂಬುದು ಅದರ ತಿರುಳು. ಪ್ರವಾಹ ಒಂದು ದಿನ ಬಂದು ಕೊಲ್ಲುತ್ತದೆ, ಕೊಳಚೆ ಪ್ರತಿದಿನ ಸ್ವಲ್ಪಸ್ವಲ್ಪವಾಗಿ ಕೊಲ್ಲುತ್ತದೆ. ಮೊದಲನೆಯದಕ್ಕೆ ಸಿಕ್ಕಷ್ಟು ಬೇಗ ಎರಡನೆಯದಕ್ಕೆ ಹಣ ಸಿಗಲಿಲ್ಲ. ಮೈಸೂರಿನ ದಿವಾನಗಿರಿ ಮುಗಿದ ಮೇಲೂ, 1922ರಲ್ಲಿ ಮತ್ತು 1930ರಲ್ಲಿ, ಅವರು ಅದೇ ಚರಂಡಿ ಕೆಲಸಕ್ಕಾಗಿ ಹೈದರಾಬಾದಿಗೆ ಮತ್ತೆ ಹೋದರು. ಒಂದು ಸಂಸ್ಥಾನದ ದಿವಾನರಾಗಿದ್ದವರು, ಸರ್ ಪದವಿ ಪಡೆದವರು, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಇನ್ನೊಂದು ಊರಿನ ಶೌಚದ ನೀರು ಎತ್ತ ಹೋಗಬೇಕೆಂದು ನಕ್ಷೆ ನೋಡುತ್ತಿದ್ದರು. ಅದು ಅವರಿಗೆ ಕೀಳು ಕೆಲಸವೆನಿಸಲಿಲ್ಲ. ಈ ಒಂದು ಸಂಗತಿ ನನ್ನನ್ನು ಅಣೆಕಟ್ಟಿಗಿಂತ ಹೆಚ್ಚು ಹಿಡಿದು ನಿಲ್ಲಿಸಿತು.

ಮೈಸೂರಿನಲ್ಲಿ ಅವರು 1909ರಲ್ಲಿ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿ, ಬ್ಯಾಂಕು, ವಿಶ್ವವಿದ್ಯಾಲಯದ ಕತೆ ಎಲ್ಲರಿಗೂ ಬಾಯಿಪಾಠ, ಮತ್ತೆ ಹೇಳುವುದಿಲ್ಲ. ರೇಷ್ಮೆಯನ್ನು ಸುಧಾರಿಸಲು ಹೊರದೇಶದ ತಜ್ಞರನ್ನು ಕರೆಸಿದ್ದನ್ನು ಮಾತ್ರ ಶಿಡ್ಲಘಟ್ಟದವರಾದ ನಾವು ಮರೆಯಬಾರದು. ಹಳ್ಳಿಗಳಿಗಾಗಿ ಅವರ ಕಾಲದಲ್ಲಿ ಗ್ರಾಮ ಸುಧಾರಣೆ ಯೋಜನೆ ಬಂತು. ಊರಿನವರೇ ಸೇರಿ, ವಾರದಲ್ಲಿ ಸ್ವಲ್ಪ ಹೊತ್ತು ದುಡಿದು, ಬಾವಿ, ದಾರಿ, ನೈರ್ಮಲ್ಯದ ಕೆಲಸ ಮಾಡಿಕೊಳ್ಳಬೇಕೆಂಬುದು ಅದರ ಆಶಯ. ಮುಂದೆ 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಊರುಗಳ ಅಂದ ಮತ್ತು ಶುಚಿಗೆ ಹೆಸರಾದರು. ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ದಾಟಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ, ನಮ್ಮ ಊರುಗಳಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಒಂದು ಮಾತನ್ನು ಸೇರಿಸದಿದ್ದರೆ ಈ ಕತೆ ಅರ್ಧವಾಗುತ್ತದೆ. ವಿಶ್ವೇಶ್ವರಯ್ಯನವರು ಕೊಳವೆಯ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಊರುಗಳಲ್ಲಿ ಮಲವನ್ನು ಕೈಯಿಂದ ಬಳಿದು ತಲೆಯ ಮೇಲೆ ಹೊರುತ್ತಿದ್ದವರು ಮನುಷ್ಯರೇ. ಕೆಲವು ಜಾತಿಗಳವರ ಮೇಲೆ ಆ ಕೆಲಸ ಹೇರಲಾಗಿತ್ತು. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ. ಒಳಚರಂಡಿ ಬಂದರೆ ಆ ಹೊರೆ ಇಳಿಯಬೇಕಿತ್ತು, ಆದರೆ ಕೊಳವೆ ತಾನೇ ಅದನ್ನು ಇಳಿಸಲಿಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ಆದರೂ ಗುಂಡಿಯೊಳಗೆ ಇಳಿದವರು ವಿಷಾನಿಲದಿಂದ ಸತ್ತ ಸುದ್ದಿ ಈಗಲೂ ಪತ್ರಿಕೆಯಲ್ಲಿ ಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಬಗ್ಗೆ ನಾವು ರಸಾಯನಶಾಸ್ತ್ರದಲ್ಲಿ ಓದುತ್ತೇವೆ. ಕೊಳೆತ ಮೊಟ್ಟೆಯ ವಾಸನೆ ಎಂದು ಬರೆದು ಅಂಕ ಪಡೆಯುತ್ತೇವೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ ಎಂಬುದನ್ನು ಮರೆಯುತ್ತೇವೆ.

ಈಗ ನಮ್ಮ ಜಿಲ್ಲೆಯನ್ನು ನೋಡೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಿಂದ ಬಂದ ಗೆಳೆಯರನ್ನು ಕೇಳಿದರೂ ನೀರಿನ ಕತೆ ಒಂದೇ. ನಂದಿಯ ಬೆಟ್ಟಗಳಲ್ಲಿ ಹುಟ್ಟಿ ಗೌರಿಬಿದನೂರಿನ ಮೂಲಕ ಹೋಗುವ ಉತ್ತರ ಪಿನಾಕಿನಿ ವರ್ಷದ ಬಹುಪಾಲು ಮರಳಿನ ಹಾದಿ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ, ಎಷ್ಟೋ ಕಡೆ ನೀರಿನಲ್ಲಿ ಫ್ಲೋರೈಡ್. ಇಂಥ ನಾಡಿಗೆ ಈಗ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಕೋಲಾರದ ಕಡೆಗೆ ಹರಿಯಿತು, ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳೂ ಆ ಯೋಜನೆಯಲ್ಲಿವೆ. ಹೆಬ್ಬಾಳ ನಾಗವಾರ ಕಣಿವೆ ಯೋಜನೆಯಲ್ಲಿ ದಿನಕ್ಕೆ 210 ದಶಲಕ್ಷ ಲೀಟರ್ ನೀರು ನಮ್ಮ ಕಡೆಗೆ ತರುವ ಗುರಿ ಇದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದದ್ದು ಅದೇ ನೀರು. ಮೊದಲ ಹಂತದಲ್ಲಿ ಗಟ್ಟಿ ಕೊಳೆ ತಳಕ್ಕೆ ಕೂರುತ್ತದೆ. ಎರಡನೆಯ ಹಂತದಲ್ಲಿ ಗಾಳಿ ಊದಿ ಬೆಳೆಸಿದ ಬ್ಯಾಕ್ಟೀರಿಯಾ ಉಳಿದ ಕೊಳೆಯನ್ನು ತಿನ್ನುತ್ತವೆ. ಸೋಸಿ, ರೋಗಾಣು ಕೊಲ್ಲುವ ಮೂರನೆಯ ಹಂತವೂ ಬೇಕೆಂದು ಇಲ್ಲಿನ ರೈತರು, ಹೋರಾಟಗಾರರು ಕೇಳುತ್ತಿದ್ದಾರೆ. ಬತ್ತಿದ ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟವರೂ ಇದ್ದಾರೆ. ಎರಡೂ ನಿಜ. ಮಹಾನಗರದ ಶೌಚದ ನೀರನ್ನು ಎಲ್ಲಿಯವರೆಗೆ ಶುದ್ಧ ಮಾಡಬೇಕು ಎಂಬ ಪ್ರಶ್ನೆ ಕೊನೆಗೆ ಬಂದು ನಿಂತಿರುವುದು ವಿಶ್ವೇಶ್ವರಯ್ಯನವರ ಹುಟ್ಟಿದ ತಾಲ್ಲೂಕಿನಲ್ಲೇ.

ಬೆಂಗಳೂರನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಮನೆಯ ಗುಂಡಿಯ ಲೆಕ್ಕವೂ ಇದೆಯಲ್ಲ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಎಲ್ಲ ಶುದ್ಧವಾಗುತ್ತದೆಂದು ನಾನು ನಂಬಿದ್ದೆ. ಅದರಲ್ಲಿ ಗಟ್ಟಿ ಭಾಗ ತಳಕ್ಕೆ ಇಳಿಯುತ್ತದೆ ಅಷ್ಟೇ, ಹೊರಗೆ ಹೋಗುವ ನೀರಿನಲ್ಲಿ ರೋಗಾಣುಗಳು ಉಳಿದಿರುತ್ತವೆ. ಟೈಫಾಯ್ಡ್, ಕಾಲರಾ, ಕಾಮಾಲೆಯ ಕೆಲವು ಬಗೆ, ಆಮಶಂಕೆ, ಹೊಟ್ಟೆಯ ಹುಳು ಇವೆಲ್ಲ ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ಹೋಗುವ ದಾರಿ ಹುಡುಕುತ್ತವೆ. ಮಣ್ಣು ಸ್ವಲ್ಪ ಶೋಧಿಸುತ್ತದೆ, ಅದಕ್ಕೆ ದೂರ ಬೇಕು. ನೀರಿನ ಮೂಲಕ್ಕೂ ಗುಂಡಿಗೂ ನಡುವೆ ಕನಿಷ್ಠ 10ರಿಂದ 15 ಮೀಟರ್ ಇರಬೇಕೆಂಬುದು ಸಾಮಾನ್ಯ ನಿಯಮ. ನಮ್ಮದು ಬಂಡೆಯ ನೆಲ. ಬಂಡೆಯ ಬಿರುಕಿನಲ್ಲಿ ಕೊಳಚೆ ಇನ್ನೂ ದೂರ ಓಡಬಹುದು. ಗುಂಡಿ ತುಂಬಿದಾಗ ಲಾರಿ ಕರೆಸಿ ಎತ್ತಿಸುತ್ತೇವೆ, ಲಾರಿ ಅದನ್ನು ಎಲ್ಲಿ ಸುರಿಯುತ್ತದೆಂದು ಕೇಳುವುದಿಲ್ಲ. ಬೆಂಗಳೂರಿಗೆ ಹೋಗುವಾಗ ಸಿಗುವ ದೇವನಹಳ್ಳಿಯಲ್ಲಿ 2015ರಲ್ಲಿಯೇ ಇಂಥ ಕೆಸರನ್ನು ಸಂಸ್ಕರಿಸಿ ಗೊಬ್ಬರವಾಗಿಸುವ ಘಟಕ ಶುರುವಾಗಿದೆ. ಚಿಕ್ಕ ಊರಿಗೂ ಇದು ಸಾಧ್ಯ ಎನ್ನುವುದಕ್ಕೆ ಅಷ್ಟು ಸಾಕು.

ಗೆಳೆಯರೇ, ದಿನಕ್ಕೆ ಐದು ಸಲ ವುಜೂ ಮಾಡುವ ನಮಗೆ ಶುಚಿತ್ವದ ಪಾಠ ಹೊಸದಲ್ಲ. ಕೈಕಾಲು ತೊಳೆದ ನೀರು, ಶೌಚದ ನೀರು ಬಾಗಿಲು ದಾಟಿದ ಮೇಲೆ ಎತ್ತ ಹೋಗುತ್ತದೆಂದು ನೋಡುವುದೂ ಅದೇ ಪಾಠದ ಮುಂದಿನ ಪುಟ. ನೆರೆಮನೆಯವರ ಬಾವಿ ಕೆಟ್ಟರೆ ನಮ್ಮ ಶುಚಿತ್ವ ಪೂರ್ತಿಯಾಗುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಕುಡಿಯುವ ನೀರನ್ನು ಕುದಿಸುತ್ತೇವೆ. ಗುಂಡಿಯನ್ನು ಬೋರ್‌ವೆಲ್‌ನಿಂದ ದೂರ, ಹಿತ್ತಲಿನ ಇನ್ನೊಂದು ಮೂಲೆಗೆ ಬದಲಾಯಿಸಲು ಅಬ್ಬಾ ಒಪ್ಪಿದ್ದಾರೆ. ಮೊಹರು ಹಾಕಿದ ಕೊಳವೆ, ಎರಡು ಗುಂಡಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಅದು ಗೊಬ್ಬರವಾಗುತ್ತದೆ, ಯಾರೂ ಒಳಗೆ ಇಳಿಯಬೇಕಾಗಿಲ್ಲ. ತಮ್ಮ ಮತ್ತೆ ಶಾಲೆಗೆ ಹೋಗುತ್ತಿದ್ದಾನೆ. ನಮ್ಮ ಬೀದಿಯ ಒಂಬತ್ತು ಮನೆಗಳಲ್ಲಿ ಟೇಪು ಹಿಡಿದು ಅಳೆದೆವು. ಹತ್ತು ಮೀಟರ್ ದೂರ ಇದ್ದದ್ದು ಎರಡೇ ಮನೆಗಳಲ್ಲಿ.

ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರದ ಜೊತೆ ನಾವು ಇನ್ನೊಂದು ಕೆಲಸ ಮಾಡಬಹುದು. ನಮ್ಮ ತರಗತಿಯಲ್ಲಿ ನಾಲ್ಕು ತಾಲ್ಲೂಕಿನವರೂ ಇದ್ದೇವೆ. ಒಬ್ಬೊಬ್ಬರೂ ಅವರವರ ಬೀದಿಯಲ್ಲಿ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಅಳೆದು ಬರೆದು ತಂದರೆ ಒಂದು ನಕ್ಷೆ ಆಗುತ್ತದೆ. ನನ್ನ ಬಳಿ ಒಂಬತ್ತು ಮನೆಗಳ ಲೆಕ್ಕ ಸಿದ್ಧವಿದೆ. ಟೇಪು ಬೇಕಾದವರು ನನ್ನನ್ನು ಕೇಳಿ.